ಡ್ರಮ್ಮಿನೊಳಗಿಂದ ಬಂದ ಸದ್ದು

ರಬ್ಬರ್ ಹಾಲು ನೋಡಲು ಮನೆಯ ಹಾಲಿನಂತೆಯೇ ಇರುತ್ತದೆ. ಡ್ರಮ್ಮಿನಲ್ಲಿ ತುಂಬಿ ಕೆಲವು ವಾರ ಅಲುಗಿಸದೆ ಇಟ್ಟರೆ ಅದೂ ಕೆನೆ ಕಟ್ಟುತ್ತದೆ. ರಬ್ಬರೆಲ್ಲ ಮೇಲಕ್ಕೆ ಬಂದು ದಪ್ಪಗಾಗುತ್ತದೆ, ಕೆಳಗೆ ನೀರು ನೀರಾದ ದ್ರವ ಉಳಿಯುತ್ತದೆ. ಮನೆಯ ಹಾಲಾದರೆ ಸೌಟು ಹಾಕಿ ತಿರುವಿದರೆ ಆಯಿತು. ಇನ್ನೂರು ಕಿಲೋ ತೂಗುವ, ಬಿರಡೆ ಬಿಗಿದ ಕಬ್ಬಿಣದ ಡ್ರಮ್ಮಿಗೆ ಸೌಟು ಹಾಕುವುದು ಹೇಗೆ? ಆ ವರ್ಷ ನನ್ನ ಕೆಲಸವೆಲ್ಲ ಈ ಪ್ರಶ್ನೆಯ ಸುತ್ತಲೇ ಇತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚನ್ನರಾಯಪಟ್ಟಣದ ಹೊರಗೆ, ತೆಂಗಿನ ನಾರಿನಿಂದ ಹಾಸಿಗೆ ಮಾಡುವ ಸಣ್ಣ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನಿದ್ದೆ. ನಾರನ್ನು ಹಾಳೆಯಂತೆ ಹರಡಿ, ಅದರ ಮೇಲೆ ರಬ್ಬರ್ ಹಾಲು ಸಿಂಪಡಿಸಿ, ಒಣಗಿಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಹಾಸಿಗೆ. ಹೊಳೆನರಸೀಪುರದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಹಾಲು ಒಡೆಯದಿರಲೆಂದು ಅದರಲ್ಲಿ ಅಮೋನಿಯಾ ಬೆರೆಸಿರುತ್ತಾರೆ. ಆ ವಾಸನೆ ಸೀರೆಗೆ ಅಂಟಿಕೊಂಡು, ಬಸ್ಸಿನಲ್ಲಿ ಪಕ್ಕ ಕೂತವರು ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು.

ನಾನು ಸೇರುವ ಮೊದಲು ಅಲ್ಲಿ ಡ್ರಮ್ಮುಗಳೇ ಇರಲಿಲ್ಲ. ಗೋಡೌನಿನ ಹಿಂದೆ ಅಡ್ಡ ಮಲಗಿಸಿದ ದೊಡ್ಡ ಕಬ್ಬಿಣದ ಟ್ಯಾಂಕಿನಲ್ಲಿ ಹಾಲು ತುಂಬಿಸುತ್ತಿದ್ದರು. ಒಳಗೆ ನಿಧಾನವಾಗಿ ತಿರುಗುವ ರೆಕ್ಕೆ ಇದ್ದುದರಿಂದ ಕೆನೆ ಕಟ್ಟುವ ಮಾತಿರಲಿಲ್ಲ. ಆದರೆ ಟ್ಯಾಂಕಿನ ಗೋಡೆಗೆ ರಬ್ಬರು ಪದರ ಪದರವಾಗಿ ಅಂಟುತ್ತಿತ್ತು. ಆಗಾಗ ಖಾಲಿ ಮಾಡಿ, ಮೇಲಿನ ಬಾಯಿಯಿಂದ ಒಬ್ಬರು ಇಳಿದು ಅದನ್ನು ಕೆರೆದು ತೆಗೆಯಬೇಕಿತ್ತು. ಹಾಗೆ ಇಳಿದ ಕೆಲಸಗಾರನೊಬ್ಬ ಒಳಗೇ ತೀರಿಕೊಂಡಿದ್ದ. ಒಳಗಿನ ಗಾಳಿ ಕೆಟ್ಟಿತ್ತು. ನಾನು ಸೇರಿದ್ದು ಅದಾದ ಕೆಲವು ತಿಂಗಳ ಮೇಲೆ. ಅವನ ಮುಖವನ್ನು ನಾನು ನೋಡಿದವಳಲ್ಲ. ಯಾರನ್ನು ಕೇಳಿದರೂ, "ಒಂದೇ ಉಸಿರಿಗೆ ಹೋದ, ನೋವೇ ಗೊತ್ತಾಗಲಿಲ್ಲ" ಎನ್ನುತ್ತಿದ್ದರು. ಎಲ್ಲರೂ ಅದೇ ಪದಗಳಲ್ಲಿ ಹೇಳುತ್ತಾರಲ್ಲ ಎಂದು ನನಗೆ ಆಗ ಅನ್ನಿಸಲಿಲ್ಲ.

ಮಾಲೀಕರು ಟ್ಯಾಂಕಿನ ಬಾಯಿಗೆ ಬೋಲ್ಟು ಹಾಕಿಸಿ, ಕೇರಳದಿಂದ ಹಾಲನ್ನು ಡ್ರಮ್ಮುಗಳಲ್ಲೇ ತರಿಸತೊಡಗಿದರು. ಸತ್ತವನ ಹೆಂಡತಿಗೆ ಕೆಲಸ ಕೊಟ್ಟರು. ನಾರಿನ ಶೆಡ್ಡಿನಲ್ಲಿ ಕಸ ಆರಿಸುವ ಕೆಲಸ.

ಡ್ರಮ್ಮು ಬಂದ ಮೇಲೆ ಹಾಸಿಗೆಗಳು ಕೆಡತೊಡಗಿದವು. ಒಂದೇ ಡ್ರಮ್ಮಿನ ಮೇಲಿನ ಹಾಲಿನಿಂದ ಮಾಡಿದ ಹಾಸಿಗೆ ಮರದ ಹಲಗೆಯಂತಾದರೆ, ತಳದ ಹಾಲಿನಿಂದ ಮಾಡಿದ್ದು ಕೈಯಲ್ಲಿ ಎಳೆದರೆ ನಾರು ನಾರಾಗಿ ಬಿಟ್ಟುಕೊಳ್ಳುತ್ತಿತ್ತು. ಗೋಡೌನಿನ ಆಳುಗಳು ಡ್ರಮ್ಮನ್ನು ಮಲಗಿಸಿ ಕಾಲಿನಿಂದ ಅತ್ತ ಇತ್ತ ಉರುಳಿಸಿ ನೋಡಿದರು. ಅಂಚು ನೆಗ್ಗಿ ಹಾಲು ಸೋರಿತೇ ಹೊರತು ಬೆರೆಯಲಿಲ್ಲ. ಕೊನೆಗೆ ಮಾಲೀಕರು ಬೆಂಗಳೂರಿನ ಪೀಣ್ಯದಲ್ಲಿ ಹೇಳಿ ಒಂದು ಯಂತ್ರ ಮಾಡಿಸಿದರು. ಮೊಣಕಾಲೆತ್ತರದ ಕಬ್ಬಿಣದ ಚೌಕಟ್ಟು, ಅದರ ಮೇಲೆ ಜೋಡಿ ಜೋಡಿಯಾಗಿ ರಬ್ಬರ್ ಪಟ್ಟಿಯ ಗಾಲಿಗಳು, ಕೆಳಗೆ ಮೋಟರು. ಡ್ರಮ್ಮನ್ನು ಗಾಲಿಗಳ ಮೇಲೆ ಮಲಗಿಸಿ ಹಸಿರು ಗುಂಡಿ ಒತ್ತಿದರೆ ಅದು ತನ್ನಷ್ಟಕ್ಕೆ ಒಂದು ದಿಕ್ಕಿಗೆ ಉರುಳುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಹಿಂದಕ್ಕೆ ಉರುಳುತ್ತದೆ. ಗೋಡೆಯ ಮೇಲಿನ ಪೆಟ್ಟಿಗೆಯೊಂದು ಎಲ್ಲವನ್ನೂ ನೋಡಿಕೊಳ್ಳುತ್ತದೆ.

ಆ ಯಂತ್ರವನ್ನು ನಡೆಸಲು ಯಾವ ಗಂಡಾಳೂ ಒಪ್ಪಲಿಲ್ಲ. ಅದನ್ನು ಕೂರಿಸಿದ್ದು ಗೋಡೌನಿನ ಹಿಂಗೋಡೆಯ ಪಕ್ಕ. ಗೋಡೆಯಾಚೆ ಟ್ಯಾಂಕು. ಎಲ್ಲರೂ ಒಂದೊಂದು ನೆಪ ಹೇಳಿದರು. ಆಗ ಸತ್ತವನ ಹೆಂಡತಿಯೇ ಮುಂದೆ ಬಂದು, "ನಾನು ಮಾಡ್ತೀನಿ ಮೇಡಂ, ನಂಗೆ ಕಲ್ಸಿ" ಎಂದಳು. ಮೂವತ್ತು ದಾಟಿದ, ತೆಳ್ಳನೆಯ, ಮಾತು ಕಮ್ಮಿಯ ಹೆಂಗಸು. ನಾನು ಬರುವ ಬಸ್ಸಿಗೇ ನಡುವೆ ಒಂದು ಹಳ್ಳಿಯಲ್ಲಿ ಹತ್ತುತ್ತಿದ್ದಳು. ನನಗಿಂತ ದೊಡ್ಡವಳಾದ್ದರಿಂದ ನಾನು ಅಕ್ಕ ಎನ್ನುತ್ತಿದ್ದೆ.

ಮೊದಲ ವಾರ ಹಾಲು ಒಡೆಯಿತು. ಗಾಲಿಗಳು ವೇಗವಾಗಿ ತಿರುಗುತ್ತಿದ್ದವು. ಬಿರಡೆ ಬಿಚ್ಚಿದರೆ ಒಳಗೆಲ್ಲ ನೊರೆ, ನೊರೆಯಲ್ಲಿ ಕಡಲೆಯಷ್ಟು ಗಂಟುಗಳು. ಹಾಸನಕ್ಕೆ ಹೋಗಿ ಮೋಟರಿನ ಬೆಲ್ಟಿಗೆ ದೊಡ್ಡ ಪುಲ್ಲಿ ಕಡೆಸಿಕೊಂಡು ಬಂದು ವೇಗ ತಗ್ಗಿಸಿದೆವು. ನೊರೆ ನಿಂತಿತು, ಆದರೆ ಬೆರೆಯುವುದೂ ನಿಂತಿತು. ನಾನು ಉದ್ದದ ಗಾಜಿನ ಕೊಳವೆಯಿಂದ ಡ್ರಮ್ಮಿನ ಮೇಲಿನ ಹಾಲನ್ನೂ ತಳದ ಹಾಲನ್ನೂ ಬೇರೆ ಬೇರೆ ತೆಗೆದು, ತಟ್ಟೆಯಲ್ಲಿ ಒಣಗಿಸಿ, ಉಳಿದ ರಬ್ಬರನ್ನು ತೂಗುತ್ತಿದ್ದೆ. ಎರಡೂ ಒಂದೇ ತೂಕ ಬಂದರೆ ಬೆರೆತಿದೆ ಎಂದರ್ಥ. ಬರುತ್ತಲೇ ಇರಲಿಲ್ಲ. ಹೊತ್ತು ಹೆಚ್ಚಿಸಿದರೂ ಇಲ್ಲ. ಮಧ್ಯೆ ಕರೆಂಟು ಹೋದರೆ ಪೆಟ್ಟಿಗೆ ಎಲ್ಲವನ್ನೂ ಮರೆತು ಮೊದಲಿಂದ ಶುರು ಮಾಡುತ್ತಿತ್ತು.

ಒಂದು ಮಧ್ಯಾಹ್ನ ತಿರುಗುತ್ತಿದ್ದ ಡ್ರಮ್ಮಿನ ಮೇಲೆ ಅಂಗೈ ಇಟ್ಟಾಗ ನನಗೆ ಹೊಳೆಯಿತು. ಒಳಗೆ ಏನೂ ಅಲುಗುತ್ತಿರಲಿಲ್ಲ. ಬಾಯಿಯವರೆಗೆ ತುಂಬಿದ ಬಾಟಲಿಯನ್ನು ಎಷ್ಟು ಅಲುಗಿಸಿದರೂ ಏನು ಬೆರೆಯುತ್ತದೆ? ಪ್ರತಿ ಡ್ರಮ್ಮಿನಿಂದ ಒಂದು ಬಕೆಟ್ ಹಾಲು ತೆಗೆದು, ಒಳಗೆ ಜಾಗ ಮಾಡಿ ಉರುಳಿಸಿದೆವು. ಸಂಜೆ ತೂಗಿದರೆ ಮೇಲಿನದೂ ಕೆಳಗಿನದೂ ಹೆಚ್ಚುಕಮ್ಮಿ ಒಂದೇ. ಆಕೆಗೆ ತಟ್ಟೆಗಳನ್ನು ತೋರಿಸಿದೆ. ಅವಳು ನಕ್ಕಿದ್ದನ್ನು ನಾನು ಮೊದಲ ಸಲ ಕಂಡದ್ದು ಅಂದು.

ಹೊಸ ಡ್ರಮ್ಮುಗಳೆಲ್ಲ ಸರಾಗವಾಗಿ ನಡೆದವು. ಆಮೇಲೆ, ಬೇಸಿಗೆಯುದ್ದಕ್ಕೂ ಶೀಟಿನ ಕೆಳಗೆ ಬಿಸಿಯಲ್ಲಿ ನಿಂತಿದ್ದ ಹಳೆಯ ಡ್ರಮ್ಮುಗಳ ಸರದಿ ಬಂತು.

ಮೊದಲ ಹಳೆಯ ಡ್ರಮ್ಮು ಎರಡು ಸುತ್ತು ಸುಮ್ಮನೆ ಉರುಳಿತು. ಮೂರನೆಯ ಸುತ್ತಿಗೆ ಒಳಗಿನಿಂದ "ದಬ್" ಎಂದಿತು. ಮತ್ತೊಂದು ಸುತ್ತು, ಮತ್ತೆ "ದಬ್". ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಲ್ಲ. ಯಾರೋ ಒಳಗಿನಿಂದ ಅಂಗೈಯಲ್ಲಿ ತಟ್ಟಿದಂತಿತ್ತು. ಬಿಟ್ಟು ಬಿಟ್ಟು, ಅವಸರವಿಲ್ಲದೆ.

ಗೋಡೌನಿನಲ್ಲಿ ಆಗ ಆಕೆ, ನಾನು, ಇಬ್ಬರು ಆಳುಗಳು ಮತ್ತು ಅವರ ಮೇಲಿದ್ದ ಮೇಸ್ತ್ರಿ ಇದ್ದೆವು. ಮೇಸ್ತ್ರಿ ಅರಕಲಗೂಡು ಕಡೆಯವನು, ಐವತ್ತರ ಆಸುಪಾಸು, ಮೊದಲಿಂದ ಅಲ್ಲೇ ಇದ್ದವನು. ಸದ್ದು ಕೇಳಿದ ಕೂಡಲೇ ಒಬ್ಬ ಆಳು ಕೈಲಿದ್ದ ಸರಪಳಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ಇನ್ನೊಬ್ಬ ನಿಂತಲ್ಲೇ ನಿಂತ. ಮೇಸ್ತ್ರಿಯ ಬಾಯಿ ಅರ್ಧ ತೆರೆದಿತ್ತು. ಆಕೆ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದಳು.

"ಏನಣ್ಣ ಅದು?"

"ಏನೋ... ಗಾಲಿ ಸವದದೆ ಅನ್ಸುತ್ತೆ" ಎಂದು ಮೇಸ್ತ್ರಿ ಹೊರಗೆ ನಡೆದುಬಿಟ್ಟ.

ಗಾಲಿ ಚೆನ್ನಾಗಿತ್ತು. ಮರುದಿನ ಇನ್ನೊಂದು ಹಳೆಯ ಡ್ರಮ್ಮು ಹಾಕಿದೆವು. ಅದೂ ತಟ್ಟಿತು. ಆಳುಗಳು ಗೋಡೌನಿಗೆ ಬರುವುದನ್ನೇ ಬಿಟ್ಟರು. ಮಾಲೀಕರು ಶುಕ್ರವಾರ ಯಂತ್ರಕ್ಕೆ ಪೂಜೆ ಮಾಡಿಸಿ, ಬೂದುಗುಂಬಳಕಾಯಿ ಒಡೆಸಿದರು. ಶನಿವಾರ ಮತ್ತೆ ದಬ್, ದಬ್.

ನನಗೆ ಕಾರಣ ಬಹುಮಟ್ಟಿಗೆ ಗೊತ್ತಾಗಿತ್ತು. ಎಲ್ಲರನ್ನೂ ಕರೆಸಿ, ಆ ಡ್ರಮ್ಮಿನ ಹಾಲು ಬಸಿದು, ಮುಚ್ಚಳವನ್ನು ಉಳಿಯಿಂದ ಕತ್ತರಿಸಿ ತೆಗೆಸಿದೆ. ಒಳಗೆ ದಿಂಬಿನಷ್ಟು ದೊಡ್ಡ, ಬೆಳ್ಳಗಿನ ರಬ್ಬರ್ ಮುದ್ದೆ ಇತ್ತು. ಬಿಸಿಗೆ ಮೇಲಿನ ಕೆನೆ ಗಟ್ಟಿಯಾಗಿ ಮುದ್ದೆ ಕಟ್ಟಿತ್ತು. ಬಕೆಟ್ ಹಾಲು ತೆಗೆದು ನಾನು ಮಾಡಿದ ಖಾಲಿ ಜಾಗದಲ್ಲಿ ಪ್ರತಿ ಸುತ್ತಿಗೂ ಅದು ಮೇಲೆ ಹೋಗಿ ಕೆಳಗೆ ಬೀಳುತ್ತಿತ್ತು. ಮುದ್ದೆಯನ್ನು ನೆಲದ ಮೇಲೆ ಹಾಕಿ, "ನೋಡಿ, ಇಷ್ಟೇ" ಎಂದೆ. ಒಬ್ಬ ಆಳು ಅದನ್ನು ಕಾಲಿನಿಂದ ಒತ್ತಿ ನೋಡಿದ. ಯಾರೂ ನಗಲಿಲ್ಲ. ಯಾರ ಮುಖದಲ್ಲೂ ನಿರಾಳ ಕಾಣಲಿಲ್ಲ. ಆಕೆ ಮುದ್ದೆಯ ಕಡೆ ತಿರುಗಿಯೂ ನೋಡಲಿಲ್ಲ. ಅವಳು ನೋಡುತ್ತಿದ್ದುದು ಮೇಸ್ತ್ರಿಯನ್ನು.

ಅಂದು ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕೇಳಿದಳು.

"ಮೇಡಂ, ಅವತ್ತು ಮೊದ್ಲು ಸದ್ದಾದಾಗ ನಾನು ಡ್ರಮ್ ನೋಡ್ದೆ. ನೀವೂ ಡ್ರಮ್ಮೇ ನೋಡುದ್ರಿ. ಅವ್ರು ಮೂರು ಜನ್ವೂ ಇಂದ್ಗಡೆ ಗ್ವಾಡೆ ಕಡೆ ತಿರುಗುದ್ರು. ಯಾಕೆ?"

ಭಯಕ್ಕೆ ಇರಬಹುದು ಅಕ್ಕ, ಎಂದೆ.

"ಭಯ ಆದ್ರೆ ಸದ್ದು ಬಂದ್ ಕಡೆ ನೋಡ್ತಾರೆ ಕಣ್ರೀ" ಎಂದಳು. ಊರು ಬಂತು, ಇಳಿದು ಹೋದಳು.

ಸೋಮವಾರ ಬೆಳಿಗ್ಗೆ ಮಾಲೀಕರು ಕರೆಸಿ, ಆಕೆಯನ್ನು ಪ್ಯಾಕಿಂಗ್‌ಗೆ ಹಾಕಿ, ಯಂತ್ರಕ್ಕೆ ಬೇರೆಯವರನ್ನು ನೋಡೋಣ ಎಂದರು. ಯಂತ್ರ ನನ್ನ ಸುಪರ್ದಿನಲ್ಲಿದ್ದುದರಿಂದ ನನ್ನ ಒಪ್ಪಿಗೆ ಬೇಕಿತ್ತು. ಆಕೆಯ ಕೆಲಸದಲ್ಲಿ ತಪ್ಪೇನಿದೆ ಎಂದು ಕೇಳಿದೆ. "ತಪ್ಪಿಲ್ಲ, ಮೇಸ್ತ್ರಿ ಕೇಳ್ಕೊಂಡ" ಎಂದರು.

ನಾನು ಮೇಸ್ತ್ರಿಯನ್ನು ಲ್ಯಾಬಿಗೆ ಕರೆದೆ. ಬಂದವನು ಸ್ಟೂಲಿನ ಮೇಲೆ ಕೂರದೆ ಬಾಗಿಲಿಗೆ ಒರಗಿ ನಿಂತ.

"ಆವಮ್ಮನ್ನ ಅಲ್ಲಿಂದ ತೆಗ್ದುಬುಡಿ ಮೇಡಂ. ಆ ಸದ್ದು ಆಗೋವಾಗ ಆವಮ್ಮನ ಮಕ ನೋಡಕ್ಕಾಗಕಿಲ್ಲ ನಂಗೆ."

"ಒಳಗಿರುವುದು ಏನೆಂದು ನೀವೇ ನೋಡಿದಿರಲ್ಲ?"

"ಈಗ ಒಳಗಿರೋದು ರಬ್ಬರು ಕಣಮ್ಮ. ನಂಗೂ ಗೊತ್ತು." ಹೊರಗೆ ಯಾರೂ ಇಲ್ಲವೆಂದು ಅವನು ತಿರುಗಿ ನೋಡಿದ. ಆಮೇಲೆ ಹೇಳಿದ.

ಟ್ಯಾಂಕಿಗೆ ಇಳಿದವನು ಒಂದೇ ಉಸಿರಿಗೆ ಹೋಗಿರಲಿಲ್ಲ. ಇವನೂ ಆ ಇಬ್ಬರು ಆಳುಗಳೂ ಟ್ಯಾಂಕಿನ ನೆರಳಿನಲ್ಲಿ ಟೀ ಕುಡಿಯುತ್ತ ಕೂತಿದ್ದರು. ಒಳಗಿನಿಂದ ತಟ್ಟಿದ ಸದ್ದು ಬಂತು. ಕೆರೆಯುವಾಗ ಅಂಥ ಸದ್ದು ಬರುವುದು ಮಾಮೂಲು. ಟೀ ಬಂದದ್ದು ತಿಳಿದು ಮೇಲೆ ಬರುತ್ತೇನೆ ಎನ್ನುತ್ತಿದ್ದಾನೆ ಅಂದುಕೊಂಡರು. ಮೇಸ್ತ್ರಿ ಕೂತಲ್ಲಿಂದಲೇ ಕೂಗಿ ಒಂದು ಮಾತು ಹೇಳಿದ. ಆಮೇಲೂ ಸದ್ದು ಬಂತು. ಆಮೇಲೆ ನಿಂತಿತು. ಟೀ ಮುಗಿಸಿ ಹತ್ತಿ ನೋಡುವಷ್ಟರಲ್ಲಿ ಅವನು ಗೋಡೆಗೆ ಮುಖ ಮಾಡಿ ಬಿದ್ದಿದ್ದ.

ಮೇಸ್ತ್ರಿ ಹೊರಟುಹೋದ ಮೇಲೆ ನಾನು ಕೆಲಸ ಮಾಡಲಾಗದೆ ಕೂತೆ. ಆಕೆಯನ್ನು ಪ್ಯಾಕಿಂಗ್‌ಗೆ ಕಳಿಸಿ, ಹಳೆಯ ಡ್ರಮ್ಮುಗಳನ್ನು ಹೊರಗೆ ಸಾಗಿಸಿದರೆ ಸದ್ದು ನಿಲ್ಲುತ್ತಿತ್ತು. ಗಂಡ ನೋವಿಲ್ಲದೆ ಹೋದ ಎಂದು ನಂಬಿ ಆಕೆ ಇಷ್ಟು ದಿನ ಬದುಕಿದ್ದಳು. ಅದನ್ನು ಕಿತ್ತುಕೊಳ್ಳಲು ನಾನು ಯಾರು? ಆದರೆ ಬಸ್ಸಿನಲ್ಲಿ ಅವಳು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವಳಿಗೆ ಅರ್ಧ ಆಗಲೇ ತಿಳಿದಿತ್ತು. ಉಳಿದರ್ಧವನ್ನು ಹೇಳದಿದ್ದರೆ, ಪ್ಯಾಕಿಂಗ್ ಶೆಡ್ಡಿನಲ್ಲಿ ಕೂತು ಅವಳೇ ಒಂದೊಂದು ದಿನ ಒಂದೊಂದು ರೀತಿ ಊಹಿಸಿಕೊಳ್ಳುತ್ತಿದ್ದಳು.

ಆಕೆಯನ್ನು ಬದಲಿಸಲು ನಾನು ಒಪ್ಪುವುದಿಲ್ಲ ಎಂದು ಮಾಲೀಕರಿಗೆ ಹೇಳಿದೆ. ಮೇಸ್ತ್ರಿಗೆ, "ನೀವೇ ಹೇಳಬೇಕು. ನಾನು ಹೇಳಿದರೆ ಅದು ಬರೀ ಸುದ್ದಿಯಾಗುತ್ತದೆ" ಎಂದೆ. ಅವನು ಮೂರು ದಿನ ನನ್ನ ಕಣ್ಣು ತಪ್ಪಿಸಿದ. ನಾಲ್ಕನೆಯ ದಿನ ಊಟವಾದ ಮೇಲೆ ಕರೆಂಟು ಹೋಯಿತು. ಯಂತ್ರಗಳೆಲ್ಲ ನಿಂತು, ಇಡೀ ಗೋಡೌನು ಸದ್ದಿಲ್ಲದಂತಾಯಿತು. ಆಕೆ ಗಾಲಿಗಳಿಗೆ ಅಂಟಿದ ಹಾಲನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಮೇಸ್ತ್ರಿ ಬಂದು ಅವಳೆದುರು ನೆಲದ ಮೇಲೆ ಕೂತ. ಕೂತಲ್ಲಿಂದ ನನ್ನನ್ನು ನೋಡಿ, "ನೀವೂ ಇರಿ ಮೇಡಂ" ಎಂದ.

ಅವನು ಹೇಳಿದ್ದನ್ನೆಲ್ಲ ಆಕೆ ಒರೆಸುವುದನ್ನು ನಿಲ್ಲಿಸದೆ ಕೇಳಿದಳು. ಅವನು ಮುಗಿಸಿದ ಮೇಲೆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಕೂಗಿ ಯೋಳ್ದೆ ಅಂದ್ರಲ್ಲಣ್ಣ, ಏನಂದ್ರಿ?"

ಅವನು ತಲೆ ಎತ್ತಲಿಲ್ಲ.

"ಯೋಳಿ. ಅವ್ರು ಕೇಳಿಸ್ಕಂಡ ಮಾತು ನಂಗೂ ಗೊತ್ತಾಗ್ಲಿ."

"ಇರ್ಲಾ... ಟೀ ಕುಡ್ಕಂಡು ಬತ್ತೀವಿ ಕಣ್ಲಾ ಅಂದೆ ಕಣವ್ವಾ."

"ಅವ್ರು ಏನಾರ ಅಂದ್ರಾ?"

"ಇಲ್ಲ ಕಣವ್ವ. ಇನ್ನೊಂದ್ಸಲಿ ತಟ್ಟುದ್ರು. ಮೆಲ್ಲಗೆ."

ಆಕೆ ಎದ್ದು, ಬಟ್ಟೆಯನ್ನು ಮೊಳೆಗೆ ನೇತುಹಾಕಿ, ಕೈ ತೊಳೆದು, ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದಳು. ಗೇಟಿನವರೆಗೆ ಹಿಂದೆ ಹೋದೆ. "ಬರ್ಬ್ಯಾಡಿ ಮೇಡಂ" ಎಂದಳು. ಬಸ್ಸಿಗೆ ಹೊತ್ತಾಗಿರಲಿಲ್ಲ. ರಸ್ತೆಯಲ್ಲಿ ನಡೆದೇ ಹೋದಳು.

ಎರಡು ವಾರ ಬರಲಿಲ್ಲ. ಬೆಳಿಗ್ಗೆ ಬಸ್ಸು ಅವಳ ಊರಿನಲ್ಲಿ ನಿಂತಾಗ ನಾನು ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ. ಯಂತ್ರವನ್ನು ನಾನೇ ನಡೆಸಿದೆ. ಹೊಸ ಡ್ರಮ್ಮು ಉರುಳಿಸುವಾಗಲೂ ನನ್ನ ಕಿವಿ ಒಳಗಿನ ಸದ್ದಿಗಾಗಿ ಕಾಯುತ್ತಿತ್ತು. ಇಲ್ಲದ ಸದ್ದು ಕೇಳಿ ಎಷ್ಟೋ ಸಲ ಕೆಂಪು ಗುಂಡಿ ಒತ್ತಿದ್ದೇನೆ. ಆಕೆ ಪೊಲೀಸಿಗೆ ಹೋಗುತ್ತಾಳೆ ಎಂದು ಮಾಲೀಕರು, ಊರಿನವರನ್ನು ಕರೆತರುತ್ತಾಳೆ ಎಂದು ಆಳುಗಳು ಮಾತಾಡಿಕೊಂಡರು. ಮೇಸ್ತ್ರಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗೇಟಿನ ಹತ್ತಿರ ನಿಲ್ಲುತ್ತಿದ್ದ.

ಒಂದು ದಿನ ಆಕೆ ಬಸ್ಸು ಹತ್ತಿದಳು. ಕಾರ್ಖಾನೆಗೆ ಬಂದವಳೇ ನೇರವಾಗಿ ಮಾಲೀಕರ ಕೋಣೆಗೆ ಹೋದಳು. ಹಾಸನದ ಕಡೆಯ ಯಾರೋ ಆ ಟ್ಯಾಂಕನ್ನು ನೀರು ತುಂಬಿಸಲು ಕೊಳ್ಳುತ್ತಾರೆ ಎಂಬ ಮಾತು ಅವಳ ಕಿವಿಗೂ ಬಿದ್ದಿತ್ತು.

"ಅದ್ನ ಇನ್ನೊಬ್ರಿಗೆ ಕೊಡ್ಬ್ಯಾಡಿ ಸಾ. ನಾಳೆ ಅಲ್ಲೂ ಯಾರಾದ್ರೂ ಒಳೀಕೆ ಇಳೀತಾರೆ. ಕುಯ್ಸಾಕ್ಬುಡಿ."

ಮಾಲೀಕರು ಆಗಲಿ ಎಂದರು.

ಕತ್ತರಿಸುವ ಮುನ್ನ ನಾನು ಟ್ಯಾಂಕಿಗೆ ಮೇಲಿನವರೆಗೆ ನೀರು ತುಂಬಿಸಿ, ಬಸಿದು, ಬಾಯಿಗೆ ಬ್ಲೋವರ್ ಇಟ್ಟು ಇಡೀ ದಿನ ಗಾಳಿ ಹಾಯಿಸಿದೆ. ಯಾರೂ ಒಳಗೆ ಇಳಿಯಕೂಡದು, ಹೊರಗಿನಿಂದಲೇ ಕುಯ್ಯಬೇಕು ಎಂದು ಗ್ಯಾಸ್ ಕಟ್ಟರಿನವರಿಗೆ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಒಂದು ದೊಡ್ಡ ತಗಡು ಬಿಡಿಸಿಕೊಂಡು ಹೊರಕ್ಕೆ ಬಾಗಿತು. ಮೊದಲ ಸಲ ಒಳಗೆ ಬಿಸಿಲು ಬಿತ್ತು.

ಎಡಗಡೆಯ ಗೋಡೆ ಬರಿ ಕಬ್ಬಿಣ, ಚೊಕ್ಕಟವಾಗಿ ಕೆರೆದದ್ದು. ಬಲಗಡೆಯೆಲ್ಲ ಹಳದಿಗಟ್ಟಿದ ದಪ್ಪ ರಬ್ಬರು. ನಡುವೆ ಕೆರೆಯುವುದು ನಿಂತ ಗೆರೆ, ಮೇಲಿಂದ ಕೆಳಕ್ಕೆ ಓರೆಯಾಗಿ. ಬಿಡಿಸಿದ ಒಂದು ಹಾಳೆ ರಬ್ಬರು ಇನ್ನೂ ಗೋಡೆಯಿಂದ ಜೋತುಬಿದ್ದಿತ್ತು.

ತಗಡು ಆರುವವರೆಗೆ ಆಕೆ ಕಾದಳು. ಆಮೇಲೆ ಹೊರಗೆ ನಿಂತೇ ಕೈ ಚಾಚಿ ಆ ಗೆರೆಯನ್ನು ಮುಟ್ಟಿದಳು. "ಇಷ್ಟೊಂದು ಮಾಡ್ಬುಟ್ಟಿದ್ರು" ಎಂದಳು, ಯಾರಿಗೂ ಅಲ್ಲ.

ಅಷ್ಟು ಹೊತ್ತಿಗೆ ಕ್ಯಾಂಟೀನಿನ ಟೀ ಬಂತು. ಕಟ್ಟರಿನವರು ಕೆಲಸ ಬಿಟ್ಟು ಕೂತರು. ಮೇಸ್ತ್ರಿ ಮಾತ್ರ ದೂರದಲ್ಲಿ ನಿಂತಿದ್ದ. ಅವನು ಕಾರ್ಖಾನೆಯಲ್ಲಿ ಟೀ ಮುಟ್ಟುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದೆ, ಹೊಟ್ಟೆಗೆ ಆಗದು ಅಂದುಕೊಂಡಿದ್ದೆ. ಆಕೆ ಒಂದು ಲೋಟ ಬಗ್ಗಿಸಿ, ಹೋಗಿ ಅವನ ಮುಂದೆ ಹಿಡಿದಳು. "ಕುಡೀರಿ" ಎಂದಳು. ದನಿಯಲ್ಲಿ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಅವಳು ಅಲ್ಲೇ ನಿಂತಿದ್ದಳು. ಅವನು ಕುಡಿದು ಮುಗಿಸುವವರೆಗೂ ನಿಂತಿದ್ದಳು. ಅದು ಕ್ಷಮೆಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಾರದು. ಆ ವರ್ಷವೇ ಅವನು ಕೆಲಸ ಬಿಟ್ಟು ಅರಕಲಗೂಡಿನ ಕಡೆಗೆ ಹೊರಟುಹೋದ.

ಆಕೆ ಯಂತ್ರಕ್ಕೆ ಮರಳಿದಳು. ಹಳೆಯ ಡ್ರಮ್ಮುಗಳನ್ನು ತಾನೇ ಒಂದೊಂದಾಗಿ ಉರುಳಿಸಿ, ತಟ್ಟಿದವನ್ನೆಲ್ಲ ನಿಲ್ಲಿಸಿ, ಬಾಯಿ ತೆಗೆಸಿ ನೋಡಿ, ಬೇರೆ ಇಡಿಸಿದಳು. ಮುದ್ದೆ ಎಂದು ಎಲ್ಲರಿಗೂ ಗೊತ್ತಿದ್ದರೂ ನೋಡದೆ ಬಿಡುತ್ತಿರಲಿಲ್ಲ.

ನಾನು ಮದುವೆಯಾಗಿ ಹಾಸನಕ್ಕೆ ಹೋಗಬೇಕಾಗಿ ಬಂದಾಗ, ಕೊನೆಯ ದಿನ ಗೋಡೌನಿಗೆ ಹೋದೆ. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಅಕ್ಕ, ಅವತ್ತು ಮೇಸ್ತ್ರಿಯವರಿಂದ ಹೇಳಿಸಿದ್ದು ನಾನು. ಹೇಳಿಸಬಾರದಿತ್ತೇ?"

ಆಕೆ ಡ್ರಮ್ಮಿನ ಬಿರಡೆ ಬಿಗಿಯುತ್ತಿದ್ದಳು. ಬಿಗಿದು ಮುಗಿಸಿ ನನ್ನ ಕಡೆ ತಿರುಗಿದಳು.

"ಮೊದ್ಲು ನೋವಿಲ್ದೆ ಓದ್ರು ಅಂತಿದ್ರಲ್ಲ, ಆಗ ನಂಗೆ ಚೆನ್ನಾಗಿ ನಿದ್ದೆ ಬತ್ತಿತ್ತು ಮೇಡಂ. ಈಗ ಬರಾಕಿಲ್ಲ." ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಅವ್ರು ಅಲ್ಲಿ ತಟ್ತಾ ಇರೋವಾಗ ನಾನು ನಿದ್ದೆ ಮಾಡ್ತಿದ್ದೆ ಅಂದಂಗಾಯ್ತಲ್ಲ. ಆ ನಿದ್ದೆ ನಂಗೆ ಬ್ಯಾಡ."

ಹಸಿರು ಗುಂಡಿ ಒತ್ತಿದಳು. ಡ್ರಮ್ಮು ಉರುಳತೊಡಗಿತು. ಮೊದಲ ಕೆಲವು ಸುತ್ತು ಮುಗಿಯುವವರೆಗೆ ನಾವಿಬ್ಬರೂ ಕಿವಿಗೊಟ್ಟು ನಿಂತೆವು.